ನೆವ ಒಂದಿದ್ದರೆ ಸಾಕು

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಅಕ್ಕಲಕೋಟೆಯಲ್ಲಿ ಮಜಾ ಮಾಡಲಿಕ್ಕೆಂದು ಮನೆಯಿಂದ ಹೊರಬಿದ್ದವರನ್ನು ನಾನು ಇಷ್ಟು ವಯಸ್ಸಾದರೂ ಕಂಡಿಲ್ಲ. ಹೊರಬೀಳುವವರೇನೋ ದಿನಾ ಬೀಳುತ್ತಾರೆ. ಮುಂಜಾನೆ ಎಸ್‌ಟಿ ಸ್ಟ್ಯಾಂಡಿಗೆ ಹೋಗಿ ನೋಡಿರಿ. ಇಸ್ತ್ರಿ ಮಾಡಿದ ಧೋತರ, ಟ್ರಂಕಿನಿಂದ ತೆಗೆದ ಇಳಕಲ್ ಸೀರೆ, ಮೊಮ್ಮಗನ ಕಣ್ಣಿಗೆ ಜಾತ್ರೆಯ ಕಪ್ಪು ಚಷ್ಮಾ, ಚೀಲದ ತುಂಬ ಕಟಕ ರೊಟ್ಟಿ, ಶೇಂಗಾ ಹಿಂಡಿ. ಇಷ್ಟೆಲ್ಲ ಸಂಭ್ರಮದ ನಡುವೆ ‘ಎಲ್ಲಿಗಿ ಹೊಂಟೀರಿ?’ ಎಂದು ಕೇಳಿದಿರೋ, ಮುಖ ಬಾಡಿ ಹೋಗುತ್ತದೆ.

‘ಎಲ್ಲಿಗಂತ ಹೇಳ್ಲಿರಿ, ಮೊಣಕಾಲ ತೋರಸೂದದ.’

‘ಬ್ಯಾಂಕಿನಾಗ ಕೆಲಸ ಅದರಿ.’

‘ಹರಕಿ ಹೊತ್ತಿದ್ವಿ, ಮುಟ್ಟಿಸಿ ಬರಬೇಕಲ್ಲರಿ.’

ಸುಮ್ಮನೆ ಹೊರಟಿದ್ದೇವೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಹೇಳಿದರೆ ಊರು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತದೆ. ಒಂದೋ ಇವನ ಹತ್ತಿರ ರೊಕ್ಕ ಹೆಚ್ಚಾಗಿದೆ, ಇಲ್ಲವೇ ಇವನ ಮನೆಯಲ್ಲಿ ಜಗಳವಾಗಿದೆ. ಎರಡೂ ಸುದ್ದಿ ಒಳ್ಳೆಯದಲ್ಲ. ಹಾಗಾಗಿ ನಮ್ಮಲ್ಲಿ ಪ್ರತಿಯೊಂದು ಸಂತೋಷಕ್ಕೂ ಮುಂಚೆ ಒಂದು ನೆವ ಹುಡುಕಬೇಕು. ದೇವರು, ದವಾಖಾನೆ, ದನದ ಸಂತೆ, ಬೀಗರು: ಈ ನಾಲ್ಕರಲ್ಲಿ ಯಾವುದಾದರೂ ನಡೆಯುತ್ತದೆ. ವರ್ಷಕ್ಕೆ ಐನೂರು ಚಿಲ್ಲರೆ ಮಿಲಿಮೀಟರ್ ಮಳೆ ಬೀಳುವ, ಅದೂ ಮನಸ್ಸಾದರೆ ಬೀಳುವ ನೆಲದವರು ನಾವು. ಕಾರಣವಿಲ್ಲದೆ ಖುಷಿಪಡುವುದು ಬಾವಿ ನೀರನ್ನು ರಸ್ತೆಗೆ ಚೆಲ್ಲಿದಂತೆ ಕಾಣುತ್ತದೆ.

ನೆವಗಳಲ್ಲೆಲ್ಲ ಶ್ರೇಷ್ಠವಾದದ್ದು ದವಾಖಾನೆ. ಇಲ್ಲಿಂದ ಸೊಲ್ಲಾಪುರ ಸುಮಾರು ನಲವತ್ತು ಕಿಲೋಮೀಟರು. ದೊಡ್ಡ ದೊಡ್ಡ ಡಾಕ್ಟರರ ಊರು. ಧಾರಾಶಿವ, ಲಾತೂರು, ವಿಜಯಪುರ, ಕಲಬುರ್ಗಿ ಕಡೆಯ ರೋಗಿಗಳೂ ಅಲ್ಲಿಗೇ ಬರುತ್ತಾರೆ. ನಮ್ಮ ಕಾಕೂ ಅವರ ಮೊಣಕಾಲು ವರ್ಷದಲ್ಲಿ ಕೆಲವು ಸಲ ತಪ್ಪದೆ ನೋಯುತ್ತದೆ. ಹೆಚ್ಚಾಗಿ ದೀಪಾವಳಿಗೆ ಮುಂಚೆ, ಮದುವೆ ಸುಗ್ಗಿಗೆ ಮುಂಚೆ, ಮತ್ತು ಮೊಮ್ಮಕ್ಕಳ ಪರೀಕ್ಷೆ ಮುಗಿದ ಮರುದಿನ. ನೋವು ಬಂದ ದಿನ ಮನೆಯಲ್ಲಿ ಒಂದು ಬಗೆಯ ಉಲ್ಲಾಸ. ರೋಗಿಯ ಜೊತೆ ಒಬ್ಬರು ಹೋದರೆ ಸಾಕೆಂದು ಶುರುವಾದ ಮಾತು, ಎತ್ತಿ ಹಿಡಿಯಲು ಒಬ್ಬ, ರಿಪೋರ್ಟ್ ಓದಲು ಒಬ್ಬಳು, ಚೀಲ ಕಾಯಲು ಒಬ್ಬ ಎಂದು ಬೆಳೆದು ಇಡೀ ಬಸ್ಸಿನ ಹಿಂದಿನ ಸೀಟು ತುಂಬುತ್ತದೆ.

ದವಾಖಾನೆಯಲ್ಲಿ ನಂಬರು ಹಚ್ಚಿದರೆ ಕಂಪೌಂಡರ್ ಹೇಳುತ್ತಾನೆ: ‘ಡಾಕ್ಟರ್ ಸಾಹೇಬ್ರು ಆಪರೇಶನ್‌ದಾಗ ಅದಾರ. ನಾಕಕ್ಕ ಬರ್ರಿ.’ ಬೇರೆ ಊರಿನವರಾಗಿದ್ದರೆ ಇದನ್ನು ಕೇಳಿ ಸಿಟ್ಟಿಗೇಳುತ್ತಿದ್ದರು. ನಮ್ಮವರು ಆ ನಾಲ್ಕು ಗಂಟೆಗಾಗಿಯೇ ಬಂದಿರುತ್ತಾರೆ. ಸೊಲ್ಲಾಪುರದಲ್ಲಿ ಭಾಗವತ ಅವರ ಚಿತ್ರಮಂದಿರಗಳ ಆವಾರವಿದೆ. ಒಂದೇ ಗೇಟಿನೊಳಗೆ ಹಲವು ಟಾಕೀಜು: ಉಮಾ ಮಂದಿರ, ಛಾಯಾ ಮಂದಿರ, ಕಲಾ ಮಂದಿರ, ಚಿತ್ರ ಮಂದಿರ. ಹೆಸರೆಲ್ಲ ಮಂದಿರವೇ ಆದ್ದರಿಂದ ನಮ್ಮ ಕಾಕೂಗೆ ಮನಸ್ಸಾಕ್ಷಿಯ ತೊಂದರೆಯೂ ಇಲ್ಲ. ಮಲ್ಟಿಪ್ಲೆಕ್ಸ್ ಎಂಬುದು ಪುಣೆ ಬೆಂಗಳೂರಿಗೆ ಬರುವ ಎಷ್ಟೋ ವರ್ಷ ಮುಂಚೆ ಈ ಊರಿನವರು ಒಂದರಲ್ಲಿ ಟಿಕೇಟು ಸಿಗದಿದ್ದರೆ ಪಕ್ಕದ್ದರಲ್ಲಿ ಕೂತು ಬಂದವರು. ದವಾಖಾನೆಯ ಐದು ಮೆಟ್ಟಿಲಿಗೆ ಎರಡು ಕಡೆ ಹೆಗಲು ಬೇಡುವ ಕಾಕೂ, ಬಾಲ್ಕನಿಯ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಏರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ವಿಷಯ ಡಾಕ್ಟರರಿಗೆ ತಿಳಿಸಬೇಕೇ ಎಂದು ಒಮ್ಮೆ ಮನೆಯಲ್ಲಿ ಚರ್ಚೆಯಾಯಿತು. ತಿಳಿಸಿದರೆ ಔಷಧ ನಿಲ್ಲಿಸಿಯಾರು, ಔಷಧ ನಿಂತರೆ ಸೊಲ್ಲಾಪುರ ನಿಲ್ಲುತ್ತದೆ ಎಂದು ಕೈಬಿಟ್ಟೆವು.

ಸಿನೆಮಾ ಬಿಟ್ಟ ಮೇಲೆ ನವಿ ಪೇಟೆ. ಅಲ್ಲಿ ಮರಾಠಿಯಲ್ಲಿ ರೇಟು ಕೇಳಿ, ಕನ್ನಡದಲ್ಲಿ ಬೈದು, ತೆಲುಗಿನವನ ಅಂಗಡಿಯಲ್ಲಿ ಕೊಳ್ಳುವುದು ಪದ್ಧತಿ. ತೆಲಂಗಾಣದ ಕಡೆಯಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರು ಸೊಲ್ಲಾಪುರದ ಚಾದರನ್ನು ದೇಶಕ್ಕೆಲ್ಲ ಹೊದಿಸಿದರು. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಒಂದು ಮಾತು ಮಾತ್ರ ನನಗೆ ಬಗೆಹರಿದಿಲ್ಲ. ಮೇ ತಿಂಗಳಲ್ಲಿ 43, 44 ಡಿಗ್ರಿ ಕಾಯುವ, ಮಾಳಿಗೆಯ ಮೇಲೆ ನೀರು ಹೊಡೆದು ಮಲಗುವ ಊರು ದಪ್ಪ ಚಾದರಕ್ಕೆ ಹೆಸರಾದದ್ದು ಹೇಗೆ? ನಮ್ಮ ಊರಲ್ಲಿ ಚಾದರನ್ನು ಹೊದೆಯುವುದಿಲ್ಲ, ಆಹೇರಿ ಮಾಡುತ್ತೇವೆ. ಮದುವೆಗೆ, ನಿವೃತ್ತಿಗೆ, ಸತ್ಕಾರಕ್ಕೆ, ಹೊಸ ಮನೆಗೆ. ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಹುಲಿ ಚಿತ್ರದ ನಮ್ಮ ಮನೆಯ ಚಾದರೊಂದು ದುಧನಿ, ಮೈಂದರ್ಗಿ, ತೋಳನೂರು ಎಲ್ಲ ತಿರುಗಿ ಅಣ್ಣನ ಷಷ್ಟ್ಯಬ್ದಿಯ ದಿನ ನಮ್ಮ ಮನೆಗೇ ಬಂತು. ಈ ತಾಲೂಕಿನಲ್ಲಿ ನೆವವಿಲ್ಲದೆ ಪ್ರವಾಸ ಮಾಡುವ ಒಂದೇ ಒಂದು ಪ್ರಾಣಿ ಆ ಹುಲಿ.

ಇನ್ನು ಅಕ್ಕಲಕೋಟೆಯ ಮಾತು. ನಾವು ಸೊಲ್ಲಾಪುರಕ್ಕೆ ಓಡುತ್ತಿರುವ ಹೊತ್ತಿಗೆ ಪುಣೆ, ಮುಂಬಯಿ, ನಾಸಿಕದವರು ನಮ್ಮ ಊರಿಗೆ ಓಡಿ ಬರುತ್ತಿರುತ್ತಾರೆ. 1856ರಲ್ಲಿ ಸ್ವಾಮಿ ಸಮರ್ಥರು ಇಲ್ಲಿಗೆ ಬಂದರು. ಎಲ್ಲಿಂದ ಬಂದಿರಿ ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರಗಳನ್ನು ಭಕ್ತರು ಇಂದಿಗೂ ಬಿಡಿಸುತ್ತಿದ್ದಾರೆ. ಬಂದವರು 1878ರಲ್ಲಿ ಸಮಾಧಿಯಾಗುವವರೆಗೆ 22 ವರ್ಷ ಇಲ್ಲೇ ಇದ್ದರು. ಅರಸರು ಅವರ ಭಕ್ತರು, ಚೋಳಪ್ಪ ಎಂಬ ಗೃಹಸ್ಥನ ಮನೆಯೇ ಅವರ ಮನೆ. ಅವರು ಕೂಡುತ್ತಿದ್ದ ಆಲದ ಮರದ ಜಾಗ ಈಗ ವಟವೃಕ್ಷ ಮಂದಿರ. ಗುರುಗಳು 22 ವರ್ಷ ಕೂತ ಊರಲ್ಲಿ ಶಿಷ್ಯರು ಎರಡು ತಾಸು ಕೂಡುವುದಿಲ್ಲ. ಮಿನಿ ಬಸ್ಸು ನಿಂತ ಕೂಡಲೆ ಗೈಡು ಕೂಗುತ್ತಾನೆ: ಹನ್ನೊಂದಕ್ಕೆ ದರ್ಶನ, ಹನ್ನೆರಡಕ್ಕೆ ಅನ್ನಛತ್ರ, ಒಂದಕ್ಕೆ ಗಾಡಿ, ಮೂರಕ್ಕೆ ಗಾಣಗಾಪುರ, ರಾತ್ರಿ ತುಳಜಾಪುರ, ನಾಳೆ ಪಂಢರಪುರ. ಇಷ್ಟು ದೇವರನ್ನು ಒಂದೂವರೆ ದಿನದಲ್ಲಿ ನೋಡಿದವರನ್ನು ದೇವರು ಎಷ್ಟು ಹೊತ್ತು ನೋಡಿರಬಹುದು ಎಂದು ನನಗೆ ಕುತೂಹಲ. ಅವರೂ ಪಾಪ ನಮ್ಮ ಹಾಗೆ ನೆವದವರೇ. ದರ್ಶನ ಎಂದು ಹೇಳಿ ರಜೆ ಪಡೆದಿರುತ್ತಾರೆ.

ರೈಲಿನಲ್ಲಿ ಬರುವವರಿಗೆ ಇನ್ನೊಂದು ಮಜಾ ಪುಕ್ಕಟೆ ಸಿಗುತ್ತದೆ. ಅಕ್ಕಲಕೋಟ ರೋಡ್ ಎಂಬ ಸ್ಟೇಷನ್ನಿನಲ್ಲಿ ಇಳಿದವರು ಹೊರಗೆ ಬಂದು ‘ಮಂದಿರ ಎಲ್ಲಿ?’ ಎಂದು ಕೇಳುತ್ತಾರೆ. ಮಂದಿರ ಹತ್ತು ಹನ್ನೊಂದು ಕಿಲೋಮೀಟರು ಆಚೆ. ರೈಲ್ವೆಯವರು ರೋಡ್ ಎಂದಷ್ಟೇ ಬರೆದಿದ್ದಾರೆ, ಊರು ಎಂದು ಬರೆದಿಲ್ಲ. ಬೋರ್ಡಿನಲ್ಲಿ ಸುಳ್ಳೇನೂ ಇಲ್ಲ.

ಊರೊಳಗೆ ಅರಮನೆ ಇದೆ, ಅದರಲ್ಲಿ ಹೆಸರಾದ ಶಸ್ತ್ರಾಗಾರ ಇದೆ. ಈ ಸಂಸ್ಥಾನ ಹುಟ್ಟಿದ ಕಥೆ ಯಾವ ಸಿನೆಮಾಕ್ಕೂ ಕಡಿಮೆಯಲ್ಲ. 1707ರಲ್ಲಿ ಛತ್ರಪತಿ ಶಾಹೂ ಮಹಾರಾಜರು ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಬರುವಾಗ ದಾರಿಯಲ್ಲಿ ಪಾರದ ಎಂಬ ಹಳ್ಳಿಯಲ್ಲಿ ಕಾಳಗವಾಯಿತು. ಪಾಟೀಲ ಸತ್ತ. ಅವನ ಹೆಂಡತಿ ಕೂಸನ್ನು ತಂದು ಮಹಾರಾಜರ ಪಲ್ಲಕ್ಕಿಯ ಮುಂದೆ ಹಾಕಿದಳು. ಶಾಹೂ ಅದನ್ನು ಎತ್ತಿಕೊಂಡು ಫತೇಸಿಂಹ ಎಂದು ಹೆಸರಿಟ್ಟು ಸಾಕಿದರು. ಭೋಸಲೆ ಮನೆತನದ ಹೆಸರೂ ಕೊಟ್ಟರು, ಅಕ್ಕಲಕೋಟೆಯನ್ನೂ ಕೊಟ್ಟರು. ನಮ್ಮ ಊರು ಹೀಗೆ ಒಂದು ಕೂಸಿನ ಉಡಿಯಕ್ಕಿ. ಶಸ್ತ್ರಾಗಾರದಲ್ಲಿ ಖಡ್ಗ, ಬಂದೂಕು, ತೋಪು, ಭಲ್ಲೆ ಸಾಲುಸಾಲು. ಬೆಂಗಳೂರಿನಿಂದ ಬಂದ ನಮ್ಮ ಅಣ್ಣನ ಮಗ ಎಲ್ಲವನ್ನೂ ನೋಡಿ ಬೆರಗಾಗಿ ಬಂದು ಕೇಳಿದ: ‘ಕಾಕಾ, ಆ ಉದ್ದನ್ನ ಬಂದೂಕು ನೀವ್ ನೋಡೀರೇನು?’

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕಡೆಗೆ ಕಾಕೂ ಹೇಳಿದರು: ‘ಅದು ಊರಾಗೇ ಅದ ಅಲ್ಲಪಾ. ಎಲ್ಲಿಗಿ ಹೋಗ್ತದ?’

ಅರಮನೆಯ ಪಕ್ಕದಲ್ಲೊಬ್ಬ ಮೊಣಕಾಲಿನ ಡಾಕ್ಟರು ಬಂದು ಕೂತರೆ ಇಡೀ ಊರು ಶಸ್ತ್ರಾಗಾರ ನೋಡಿ ಮುಗಿಸುತ್ತದೆ ಎಂಬುದು ನನ್ನ ನಂಬಿಕೆ.

ಸೊಲ್ಲಾಪುರದ ಭುಯಿಕೋಟ ಕಿಲ್ಲೆ ನೋಡುವಾಗಲೂ ಬೀಗರ ನೆವ ನೆನಪಾಗುತ್ತದೆ. ಆ ಕಿಲ್ಲೆಯ ಚರಿತ್ರೆಯೆಂದರೆ ವರದಕ್ಷಿಣೆಯ ಚರಿತ್ರೆ. 1524ರ ಸುಮಾರಿಗೆ ವಿಜಾಪುರದ ಇಸ್ಮಾಯಿಲ್ ಆದಿಲಶಾಹ ತನ್ನ ತಂಗಿಯನ್ನು ಅಹ್ಮದನಗರದ ಬುರ್ಹಾನ್ ನಿಜಾಮಶಾಹನಿಗೆ ಕೊಟ್ಟ. ಸೊಲ್ಲಾಪುರದ ಕೋಟೆ ಕೊಡುತ್ತೇವೆಂದು ಮಾತಾಗಿತ್ತು, ಮದುವೆಯಾದ ಮೇಲೆ ಕೊಡಲಿಲ್ಲ. ಬೀಗರು ದಂಡು ತಂದರು. ಮುಂದೆ ನಾಲ್ಕು ದಶಕ ಕಳೆದು ಅಲಿ ಆದಿಲಶಾಹ ಅದೇ ಅಹ್ಮದನಗರದ ಚಾಂದಬೀಬಿಯನ್ನು ಮದುವೆಯಾದಾಗ ಕೋಟೆ ಮತ್ತೆ ವರದಕ್ಷಿಣೆಯಾಗಿ ವಿಜಾಪುರದ ಕಡೆ ಬಂತು. ಈ ಬೀಗತನ ಕೂಡಿದ್ದಕ್ಕೇ 1565ರಲ್ಲಿ ತಾಳಿಕೋಟೆಯ ಕಾಳಗಕ್ಕೆ ಇಬ್ಬರೂ ಒಂದಾಗಿ ಹೋದದ್ದು. ಮಾತು ಕೊಟ್ಟ ಸಾಮಾನು ಕೊಡದೆ ಬೀಗರಲ್ಲಿ ಬಿರುಕು ಬಿಟ್ಟ ಮದುವೆಗಳನ್ನು ನಮ್ಮ ತಾಲೂಕಿನಲ್ಲೂ ನೋಡಿದ್ದೇವೆ. ಆದರೆ ಅವೆಲ್ಲ ಫ್ರಿಜ್ಜು, ಮೋಟರ್ ಸೈಕಲ್ಲಿನ ಮಟ್ಟದವು. ಈಗ ಕೋಟೆಯ ಒಳಗೆ ಉದ್ಯಾನ ಇದೆ, ಕಪಿಲಸಿದ್ಧ ಮಲ್ಲಿಕಾರ್ಜುನನ ಹಳೆಯ ಗುಡಿಯ ಅವಶೇಷ ಇದೆ. ಮದುವೆ ಗೊತ್ತಾದ ಹುಡುಗ ಹುಡುಗಿಯರು ಬುರುಜಿನ ನೆರಳಿನಲ್ಲಿ ಕೂತು ಮಾತಾಡುತ್ತಿರುತ್ತಾರೆ. ಅವರಿಗೆ ಕೋಟೆಯ ಚರಿತ್ರೆ ಹೇಳದಿರುವುದೇ ಒಳ್ಳೆಯದು.

ಕೋಟೆಯ ಪಕ್ಕಕ್ಕೇ ಕೆರೆ, ಕೆರೆಯ ನಡುವೆ ಸಿದ್ಧೇಶ್ವರನ ಗುಡಿ. ಸೊನ್ನಲಿಗೆಯ ಸಿದ್ಧರಾಮ 12ನೆಯ ಶತಮಾನದಲ್ಲಿ ಜನರನ್ನು ಕಟ್ಟಿಕೊಂಡು ಕೆರೆ ಅಗೆಸಿದ, ಗುಡಿ ಕಟ್ಟಿಸಿದ, ಊರ ಸುತ್ತ 68 ಲಿಂಗ ಸ್ಥಾಪಿಸಿದ. ಅಲ್ಲಮಪ್ರಭು ಬಂದು ಅವನನ್ನು ‘ಒಡ್ಡರಾಮ’ ಎಂದು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಮನ ಜ್ಞಾನದ ಮಾತಿಗೆ ಎದುರಾಡುವಷ್ಟು ನಾನು ದೊಡ್ಡವನಲ್ಲ. ಆದರೂ ಏಪ್ರಿಲ್ ತಿಂಗಳ ಸಂಜೆ ಆ ಕೆರೆಯ ಮೇಲಿಂದ ಬರುವ ಗಾಳಿಗೆ ಮುಖವೊಡ್ಡಿ ಕೂತಾಗ ಮಣ್ಣು ಹೊತ್ತ ಒಡ್ಡನ ಕಡೆಗೇ ನನ್ನ ಮತ. ಇದೇ ಸಿದ್ಧರಾಮನ ಮೇಲೆ ‘ಶ್ರೀ ಸಿದ್ಧರಾಮ ಪುರಾಣ’ ಬರೆದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ ನಮ್ಮ ಗಡಿಯ ಈಚೆಯವರು ಎಂಬ ಹೆಮ್ಮೆ ನಮಗೆ ಇನ್ನೂ ಇಳಿದಿಲ್ಲ.

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಗಡ್ಡಾ ಜಾತ್ರೆ. ಮೊದಲ ದಿನ 68 ಲಿಂಗಗಳಿಗೆ ಎಣ್ಣೆಮಜ್ಜನ, ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ, ಆಮೇಲೆ ಹೋಮ, ಅದರ ಮೇಲೆ ಮದ್ದು ಸುಡುವುದು. ಸಿದ್ಧರಾಮನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದ ಕುಂಬಾರ ಕನ್ಯೆಗೆ ಅವನು ತನ್ನ ಯೋಗದಂಡದ ಜೊತೆ ಮದುವೆಯಾಗು ಎಂದನಂತೆ. ಆ ಮದುವೆ ಇಂದಿಗೂ ವರ್ಷವರ್ಷ ನಡೆಯುತ್ತದೆ. ಬಿಳಿ ಬಾರಾಬಂದಿ ತೊಟ್ಟ ಗಂಡಸರು ಮಾಳಿಗೆಗಿಂತ ಎತ್ತರದ ಏಳು ನಂದಿಧ್ವಜಗಳನ್ನು ಸೊಂಟದ ಮೇಲೆ ನಿಲ್ಲಿಸಿಕೊಂಡು ಬೀದಿಯಲ್ಲಿ ಬರುವಾಗ ವಿದ್ಯುತ್ ತಂತಿಗಳೂ ದಾರಿ ಬಿಡುತ್ತವೆ. ಲಕ್ಷ ಜನ ಒಮ್ಮೆಲೇ ಅಕ್ಷತೆ ಎರಚಿದ ಮೇಲೆ ಅಂಗಿಯ ಕಿಸೆಯಲ್ಲಿ ಸಿಕ್ಕ ಅಕ್ಕಿಯನ್ನು ಯಾರೂ ಜಾಡಿಸುವುದಿಲ್ಲ.

ಈ ಜಾತ್ರೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಭಾಕಣೂಕ. ದಿನವೆಲ್ಲ ಉಪವಾಸ ಇಟ್ಟ ಒಂದು ಕರುವಿನ ಮುಂದೆ ಕಾಳುಕಡಿ, ಕಾಯಿಪಲ್ಲೆ ಇಡುತ್ತಾರೆ. ಅದು ಯಾವುದಕ್ಕೆ ಮೂಗು ಹಚ್ಚಿತು, ಯಾವುದನ್ನು ಬಿಟ್ಟಿತು, ಉಚ್ಚೆ ಹೊಯ್ದಿತೋ ಇಲ್ಲವೋ, ಗದ್ದಲಕ್ಕೆ ಬೆದರಿತೋ ಇಲ್ಲವೋ ಎಂಬುದರ ಮೇಲೆ ವರ್ಷದ ಮಳೆ, ಧಾರಣೆ, ರಾಜಕಾರಣ ಎಲ್ಲ ಗೊತ್ತಾಗುತ್ತದೆ. ಮರುದಿನ ಪತ್ರಿಕೆಗಳಲ್ಲಿ ಸುದ್ದಿ. ಹವಾಮಾನ ಇಲಾಖೆಯ ಮುನ್ಸೂಚನೆ ತಪ್ಪಿದರೆ ಬೈಯುವ ನಮ್ಮ ಜನ ಕರು ತಪ್ಪಿದರೆ ಬೈಯುವುದಿಲ್ಲ. ಹಸಿದ ಕೂಸು, ಪಾಪ, ಅದೇನು ಮಾಡೀತು ಎನ್ನುತ್ತಾರೆ. ಇಲಾಖೆಯವರೂ ಒಂದು ದಿನ ಉಪವಾಸ ಇದ್ದು ನೋಡಬಹುದು.

ಜಾತ್ರೆಯ ದನದ ಪೇಟೆಯಲ್ಲಿ ಖಿಲಾರಿ ಎತ್ತು ನೋಡಲು ಹೋಗುವ ರೈತರಲ್ಲಿ ಕೊಳ್ಳುವವರು ಕಡಿಮೆ. ಹಲ್ಲು ಎಣಿಸಿ, ಡುಬ್ಬ ತಟ್ಟಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಲಕ್ಷದ ಲೆಕ್ಕ ಮಾಡಿ, ‘ಮುಂದಿನ ವಾರ ನೋಡೋಣ’ ಎಂದು ಎದ್ದು ತೊಟ್ಟಿಲು ಆಡುವ ಕಡೆ ನಡೆಯುತ್ತಾರೆ. ಮನೆಯಲ್ಲಿ ಟ್ರ್ಯಾಕ್ಟರು ಬಂದು ಎಷ್ಟೋ ವರ್ಷವಾಗಿರುತ್ತದೆ.

ಸೊಲ್ಲಾಪುರದವರು ಜಾತ್ರೆ ಮಾಡುವ ಆಸುಪಾಸಿಗೇ ನಮ್ಮ ಹಳ್ಳಿಗಳಲ್ಲಿ ಎಳ್ಳ ಅಮಾವಾಸ್ಯೆ ಬರುತ್ತದೆ. ನಿಜವಾದ ವನಭೋಜನವೆಂದರೆ ಇದು. ಭೂಮಿತಾಯಿ ಬಸುರಿ, ಅವಳಿಗೆ ಸೀಮಂತ ಮಾಡಬೇಕು ಎಂಬುದು ನೆವ. ಇದಕ್ಕಿಂತ ದೊಡ್ಡ ನೆವವನ್ನು ಜಗತ್ತಿನ ಯಾವ ಪ್ರವಾಸೋದ್ಯಮ ಇಲಾಖೆಯೂ ಕಂಡುಹಿಡಿದಿಲ್ಲ. ಎದೆಮಟ್ಟ ಬೆಳೆದ ಬಿಳಿಜೋಳ, ನಡುವೆ ಕುಸುಬೆ, ಕಡಲೆ. ಬುಟ್ಟಿ ತುಂಬ ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಹಸಿಕಾಳು ಎಲ್ಲ ಹಾಕಿ ಕುದಿಸಿದ ಭಜ್ಜಿ, ಗಡಿಗೆಯಲ್ಲಿ ಅಂಬಲಿ. ಗಂಡಸರು ಹೊಲದ ಸುತ್ತ ಚರಗ ಚೆಲ್ಲಿ ಬರುವವರೆಗೆ ಊಟವಿಲ್ಲ. ಚೆಲ್ಲಿ ಬಂದ ಮೇಲೆ ಊಟ ನಿಲ್ಲುವುದಿಲ್ಲ. ಬೇರೆ ದಿನ ಎರಡು ರೊಟ್ಟಿಗೆ ಕೈತೊಳೆಯುವವರೆಲ್ಲ ಅಂದು ಭೂಮಿತಾಯಿಯ ಮನಸ್ಸು ನೋಯಬಾರದೆಂದು ಉಣ್ಣುತ್ತಾರೆ. ಪಟ್ಟಣದಲ್ಲಿ ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಹೊಲವಿಲ್ಲದವರೂ ಹೊಲವಿದ್ದ ಗೆಳೆಯರನ್ನು ಹುಡುಕಿಕೊಂಡು ಹೋಗಿರುತ್ತಾರೆ.

ಇದರ ಬೆನ್ನಿಗೇ ಸೀತನಿ. ಹಾಲು ತುಂಬಿದ ಜೋಳದ ತೆನೆಯನ್ನು ಬೆರಣಿಯ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿ, ಶೇಂಗಾ ಹಿಂಡಿ, ಬೆಲ್ಲ, ಕೆನೆಮೊಸರಿನ ಜೊತೆ ತಿನ್ನುವುದು. ಮಾಲದಂಡಿ ಜೋಳದ ಈ ನೆಲದಲ್ಲಿ ಇದು ಬಡವರ ತಿಂಡಿಯಾಗಿತ್ತು. ಈಗ ಮರಾಠಿಯವರು ‘ಹುರ್ಡಾ ಪಾರ್ಟಿ’ ಎಂದು ಹೆಸರಿಟ್ಟು ತಲೆಗೆ ಇಷ್ಟೆಂದು ರೇಟು ಹಚ್ಚಿದ್ದಾರೆ. ಪುಣೆಯವರು ಕಾರಿನಲ್ಲಿ ಬಂದು, ರೊಕ್ಕ ಕೊಟ್ಟು ಚಕ್ಕಡಿ ಹತ್ತಿ, ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಡೆದು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಅಪ್ಪ ಚಕ್ಕಡಿ ಬೇಡ, ಬರಿಗಾಲು ಬೇಡ ಎಂದು ನಮ್ಮನ್ನು ಸಾಲಿಗೆ ಹಚ್ಚಿದ. ಇನ್ನೊಂದು ಸ್ವಲ್ಪ ತಡೆದಿದ್ದರೆ ಅದರಲ್ಲೇ ದುಡಿಯುತ್ತಿದ್ದೆವು.

ನಿಸರ್ಗ ನೋಡಬೇಕು ಎಂದವರಿಗೆ ನಾನು ನಾನ್ನಜ ತೋರಿಸುತ್ತೇನೆ. ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು. ಎರೆಭೂತ ಎಂದು ಬಳ್ಳಾರಿ ಕಡೆ ಕರೆಯುವ, ಮರಾಠಿಯಲ್ಲಿ ಮಾಳಢೋಕ ಎಂಬ ದೊಡ್ಡ ಹಕ್ಕಿಗಾಗಿ 1979ರಲ್ಲಿ ಮಾಡಿದ ಅಭಯಾರಣ್ಯ. ಶುರುವಿನಲ್ಲಿ ಅದರ ವಿಸ್ತಾರ 8,496 ಚದರ ಕಿಲೋಮೀಟರು. ಕೊಡಗು ಜಿಲ್ಲೆಯ ಎರಡು ಪಟ್ಟು. ಊರು, ಕಬ್ಬು, ಸಕ್ಕರೆ ಕಾರ್ಖಾನೆ, ಬಜಾರು ಎಲ್ಲ ಅದರ ಗಡಿಯೊಳಗೇ. ಎಷ್ಟೋ ಜನ ಅಭಯಾರಣ್ಯದಲ್ಲಿ ಸಂಸಾರ ಮಾಡುತ್ತಿರುವುದು ಅವರಿಗೇ ಗೊತ್ತಿರಲಿಲ್ಲ, ಹೊಲ ಮಾರಲು ಹೋದಾಗ ಗೊತ್ತಾಯಿತು. ಮುಂದೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಹಕ್ಕಿ ಅಷ್ಟರಲ್ಲಿ ತಾನೂ ಇಳಿಯುತ್ತಾ ಬಂದು ಈಗ ಒಂದು ಕಂಡರೆ ಪತ್ರಿಕೆಯಲ್ಲಿ ಸುದ್ದಿ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ, ಅದನ್ನೂ ಬಯಲ ನೆಲದ ಮೇಲೇ ಇಡುವ ಹಕ್ಕಿ. ನಾಯಿ, ನೇಗಿಲು, ಕರೆಂಟಿನ ತಂತಿ ಎಲ್ಲ ಅದರ ಮೇಲೆ ಬಿದ್ದವು. ಇಲ್ಲಿ ನಗುವಂಥದ್ದು ಏನೂ ಇಲ್ಲ. ಹುಲ್ಲುಗಾವಲಿನಲ್ಲಿ ಕೃಷ್ಣಮೃಗದ ಹಿಂಡು ಕಾಣುತ್ತದೆ, ಅದೃಷ್ಟವಿದ್ದರೆ ತೋಳ. ಬಂದವರು ‘ಗಿಡಾನೇ ಇಲ್ಲ, ಇದ್ಯಾವ ಸೀಮಿ ಕಾಡು?’ ಎನ್ನುತ್ತಾರೆ. ಗಿಡ ಇಲ್ಲದಿರುವುದೇ ಆ ಕಾಡಿನ ಗುಣ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವರಿಗೆ ಚಹಾದ ನೆನಪಾಗಿರುತ್ತದೆ.

ನೀರು ಬೇಕಾದವರಿಗೆ ನಳದುರ್ಗ. ಬೋರಿ ಹೊಳೆಗೆ ಅಡ್ಡಲಾಗಿ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರಲ್ಲಿ ಕಟ್ಟಿದ ಒಡ್ಡು. ಒಡ್ಡಿನ ಹೊಟ್ಟೆಯೊಳಗೇ ಪಾಣಿ ಮಹಲ್. ಮಳೆಗಾಲದಲ್ಲಿ ಗಂಡು, ಹೆಣ್ಣು ಎಂದು ಕರೆಯುವ ಎರಡು ಧಾರೆ ಮಹಲಿನ ಮುಂದೆಯೇ ಧುಮುಕುತ್ತವೆ, ಒಳಗೆ ಕೂತವರ ಮೈ ಒದ್ದೆಯಾಗುವುದಿಲ್ಲ. ಸುರಪುರದವರಿಗೆ ಗೊತ್ತಿರುವ ಮೆಡೋಸ್ ಟೇಲರ್ ಸಾಹೇಬ 1853ರ ನಂತರ ಅಧಿಕಾರಿಯಾಗಿ ಇಲ್ಲಿದ್ದ. ಪಕ್ಕದಲ್ಲೇ ಮೈಲಾರಪುರದ ಖಂಡೋಬಾ. ಈ ದೇವರು ವರ್ಷದ ಹೆಚ್ಚಿನ ತಿಂಗಳು ಅಣದೂರಿನಲ್ಲಿದ್ದು, ಎರಡು ತಿಂಗಳ ಮಟ್ಟಿಗೆ ನಳದುರ್ಗಕ್ಕೆ ಬರುತ್ತಾನೆ. ಬರುವಾಗ ಹೋಗುವಾಗ ಎರಡೂ ಊರಿನವರು ಕಾಗದದ ಮೇಲೆ ಕರಾರು ಬರೆದುಕೊಳ್ಳುತ್ತಾರೆ. ನಮ್ಮ ಸೀಮೆಯಲ್ಲಿ ದೇವರೂ ಸುಮ್ಮನೆ ತಿರುಗಾಡಲಾರ. ಅದೇ ಬೋರಿ ಮುಂದೆ ನಮ್ಮ ತಾಲೂಕಿನ ಕುರನೂರಿನಲ್ಲಿ ಅಣೆಕಟ್ಟಾಗಿ ನಿಂತಿದೆ. ಹಿನ್ನೀರಿನ ದಂಡೆಯಲ್ಲಿ ಚಳಿಗಾಲದ ಹಕ್ಕಿಗಳನ್ನು ನೋಡಲು ಹೋಗುವ ಹುಡುಗರು ಮನೆಯಲ್ಲಿ ‘ಮೀನ ತರ್ತೀವಿ’ ಎಂದು ಹೇಳಿ ಹೋಗುತ್ತಾರೆ.

ಭೀಮಾ ಸೀನಾ ಕೂಡುವ ಹತ್ತರಸಂಗ ಕೂಡಲದ್ದೂ ಇದೇ ಕಥೆ. ಮೈಮೇಲೆ 359 ಪುಟ್ಟ ಮುಖ ಕಡೆದ ಒಂದು ಶಿವಲಿಂಗ, ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಹೆಸರಾದ ಶಕ 940ರ, ಅಂದರೆ 1018ರ ಕಲ್ಲು ಎಲ್ಲ ಅಲ್ಲಿವೆ. ಪ್ರೊಫೆಸರರು ಕಲ್ಲು ಓದುತ್ತಾರೆ. ನಮ್ಮವರು ಅಮಾವಾಸ್ಯೆಯ ಸ್ನಾನ ಎಂದು ಹೋಗಿ ಸಂಜೆಯವರೆಗೆ ಈಜುತ್ತಾರೆ.

ಈಚೆಗೆ ಸರಕಾರವೂ ನೆವ ಹಂಚಲು ಶುರುಮಾಡಿದೆ. 2022ರ ಆಗಸ್ಟಿನಿಂದ ಮಹಾರಾಷ್ಟ್ರದಲ್ಲಿ 75 ದಾಟಿದವರಿಗೆ ಎಸ್‌ಟಿ ಪೂರಾ ಪುಕ್ಕಟೆ. ನಮ್ಮ ಓಣಿಯ ಮುತ್ಯಾ ಅಲ್ಲಿಯತನಕ ಹನುಮಪ್ಪನ ಕಟ್ಟೆ ದಾಟಿದವನಲ್ಲ. ಪಾಸು ಕೈಗೆ ಬಂದದ್ದೇ ಪಂಢರಪುರದ ಗೆಳೆಯನಿಗೆ ಆರಾಮಿಲ್ಲ ಎಂದು ಹೊರಟ. ಆಮೇಲೆ ತುಳಜಾಪುರದ ಗೆಳೆಯ, ಆಮೇಲೆ ಕೊಲ್ಹಾಪುರದ ಗೆಳೆಯ. ಇಷ್ಟು ಊರಲ್ಲಿ ಇಷ್ಟು ಗೆಳೆಯರು ಹಾಸಿಗೆ ಹಿಡಿದದ್ದನ್ನು ನೋಡಿ ಮನೆಯವರಿಗೂ ಚಿಂತೆ ಹತ್ತಿತು. ಒಂದು ದಿನ ಪಂಢರಪುರದ ಆ ಗೆಳೆಯನೇ ಬಾಗಿಲಿಗೆ ಬಂದು ನಿಂತ. ‘ನಿಮ್ಮ ಮುತ್ಯಾಗ ಭಾಳ ಆರಾಮಿಲ್ಲಂತ, ನೋಡಿ ಹೋಗ್ಬೇಕಂತ ಬಂದೆ’ ಎಂದ. ಮುತ್ಯಾ ಅವನನ್ನು ನೋಡಲು ಬೆಳಿಗ್ಗೆಯೇ ಪಂಢರಪುರದ ಬಸ್ಸು ಹತ್ತಿದ್ದ. ಇಬ್ಬರೂ ಸೊಲ್ಲಾಪುರ ಸ್ಟ್ಯಾಂಡಿನಲ್ಲಿ ಒಬ್ಬರನ್ನೊಬ್ಬರು ದಾಟಿರಬೇಕು. ಬಂದವನಿಗೆ ಚಹಾ ಕೊಟ್ಟು ಒಂದು ಚಾದರ ಕೊಟ್ಟು ಕಳಿಸಿದರು. ಹುಲಿಯದ್ದೇ.

2023ರ ಮಾರ್ಚಿನಿಂದ ಇಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೇಟು. ಅದೇ ವರ್ಷದ ಜೂನಿನಿಂದ ಆಚೆ ಕರ್ನಾಟಕದಲ್ಲಿ ಶಕ್ತಿ ಯೋಜನೆ, ಅಲ್ಲಿನ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಪೂರಾ ಪುಕ್ಕಟೆ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಕೊಡಬೇಕೆಂದು ಹೇಳಿದ್ದು ನಮ್ಮ ಕಾಕೂಗೆ ಈಗ ಮನಸ್ಸಿಗೆ ನಾಟಿದೆ.

‘ಅಂವ ಹೇಳಿದ್ದ ಕೇಳಿದ್ರ ನನಗ ಪೂರಾ ಪುಕಟ ಆಗ್ತಿತ್ತಲ್ಲೋ.’

‘ಹಂಗಾರ ಕರ್ನಾಟಕಕ್ಕ ಸೇರೂಣೇನು ಕಾಕೂ?’

ಕಾಕೂ ಯೋಚನೆ ಮಾಡಿದರು. ‘ಬ್ಯಾಡಪಾ. ಅಲ್ಲಿ ಮುದುಕ ಗಂಡಸರಿಗೆ ಪುಕಟ ಇಲ್ಲಂತ. ಮುತ್ಯಾ ಮನ್ಯಾಗೇ ಕೂತ್ರ ಓಣಿ ಹಾಳಾಗ್ತದ.’

ಗಡಿ ವಿವಾದದ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಪೂರ್ತಿ ಲೆಕ್ಕ ಹಾಕಿ ಹೇಳಿದ್ದು ಇದೊಂದೇ.

ಓದುಗರಲ್ಲಿ ಯಾರಿಗಾದರೂ ಇತ್ತ ಬರುವ ಮನಸ್ಸಾದರೆ ಜನವರಿಯಲ್ಲಿ ಬನ್ನಿ. ಜಾತ್ರೆಯೂ ಇರುತ್ತದೆ, ಸೀತನಿಯೂ ಇರುತ್ತದೆ, ಕರುವಿನ ಭವಿಷ್ಯ ಇನ್ನೂ ಸುಳ್ಳಾಗಿರುವುದಿಲ್ಲ. ಮೇ ತಿಂಗಳಲ್ಲಿ ಬಂದರೆ ನೀವೇ ಜವಾಬ್ದಾರರು. ರೈಲಿಗೆ ಬರುವುದಾದರೆ ಸೊಲ್ಲಾಪುರದಲ್ಲೇ ಇಳಿದು ಎಸ್‌ಟಿ ಹತ್ತಿರಿ. ಶಸ್ತ್ರಾಗಾರ ನೋಡಿ ಬಂದವರು ನಮ್ಮ ಮನೆಗೂ ಬಂದು ಅದರಲ್ಲಿ ಏನೇನಿದೆ ಎಂದು ಹೇಳಿ ಹೋದರೆ ಉಪಕಾರವಾಗುತ್ತದೆ. ಗುರುವಾರ ಮಾತ್ರ ಬರಬೇಡಿ. ಅವತ್ತು ಸ್ವಾಮಿಗಳ ವಾರ, ನಮಗೇ ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ.